ವ್ಯಾಕ್ಸ್ ಮಾಡಿಸಿ ಮೇಲ್ತುಟಿಯ ಚರ್ಮ ಎದ್ದು ಬಂತು, ಕಂಕುಳ ತುಂಬಾ ಗುಳ್ಳೆ. ಇದು ಮಾಮೂಲಾ?

ಬೆಣ್ಣೆದೋಸೆ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಮುಜುಗರದ ವಿಷಯ. ಮನೆಯಲ್ಲಿ ಕೇಳಿದರೆ ಬೈಗುಳ ಮಾತ್ರ ಸಿಗುತ್ತದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನಗೆ 23, ಊರು ದಾವಣಗೆರೆ. ಕಳೆದ ಭಾನುವಾರ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಇತ್ತು. ಶನಿವಾರ ಸಂಜೆ ಮನೆ ಹತ್ತಿರದ ಪಾರ್ಲರಿಗೆ ಹೋಗಿ ಕೈ, ಕಂಕುಳು, ಅಪ್ಪರ್ ಲಿಪ್ ಮೂರನ್ನೂ ವ್ಯಾಕ್ಸ್ ಮಾಡಿಸಿದೆ. ಕಂಕುಳಿಗೆ ಇದೇ ಮೊದಲ ಸಲ. ಅಪ್ಪರ್ ಲಿಪ್‌ಗೆ ಇಷ್ಟು ದಿನ ದಾರದಲ್ಲೇ ತೆಗೆಸುತ್ತಿದ್ದೆ, ಆದರೆ ಅಲ್ಲಿನ ಹುಡುಗಿ "ವ್ಯಾಕ್ಸ್ ಆದರೆ ಒಂದೇ ಎಳೆತ, ಸುಮ್ನೆ ಕಣ್ಣು ಮುಚ್ಚಿಕೊಳ್ಳಿ" ಅಂದಳು. ಮುಚ್ಚಿಕೊಂಡೆ. ಎಳೆದಳು. ಕನ್ನಡಿ ನೋಡಿದರೆ ಮೂಗಿನ ಕೆಳಗೆ ಬಲಗಡೆ, ಹುಣಸೆಬೀಜದ ಅರ್ಧದಷ್ಟು ಜಾಗದಲ್ಲಿ ಚರ್ಮ ಸುಲಿದು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ನೀರು ತಾಗಿದರೂ ಉರಿ. ಫೋಟೋಗೆ ಫೌಂಡೇಶನ್ ಮೆತ್ತಿದೆ, ಅದೊಂದು ಬೇರೆ ಕರ್ಮ. ಈಗ ಅಲ್ಲಿ ಕಂದು ಹಕ್ಕಳೆ ಕಟ್ಟಿದೆ. ದೂರದಿಂದ ನೋಡಿದರೆ ಅರ್ಧ ಮೀಸೆ ಬಿಟ್ಟ ಹಾಗೆ ಕಾಣುತ್ತದೆ. ಮೀಸೆ ತೆಗೆಸಲು ಹೋಗಿ ಮೀಸೆ ಬಂತು ಅಂತ ತಮ್ಮ ನಗುತ್ತಿದ್ದಾನೆ.

ಕಂಕುಳದು ಇನ್ನೊಂದು ಕಥೆ. ಮಾರನೇ ದಿನ ಡಿಯೋ ಹಾಕಿಕೊಂಡು, ಬಿಗಿಯಾದ ರೇಷ್ಮೆ ಬ್ಲೌಸ್ ತೊಟ್ಟು ದಿನವಿಡೀ ಓಡಾಡಿದೆ. ರಾತ್ರಿ ಹೊತ್ತಿಗೆ ಸಾಸಿವೆ ಕಾಳಿನಂಥ ಗುಳ್ಳೆಗಳು ಎದ್ದವು. ಕೆಲವಕ್ಕೆ ತುದಿಯಲ್ಲಿ ಬಿಳಿ ಕೀವು ಇದೆ.

ಅಮ್ಮ ಕಡಲೆಹಿಟ್ಟು, ಅರಿಶಿನ ಕಲಸಿ ಉಜ್ಜು ಅನ್ನುತ್ತಾರೆ. ಗೆಳತಿ ಇನ್ನು ಮೇಲೆ ಕೂದಲು ತೆಗೆಯುವ ಕ್ರೀಮ್ ಹಚ್ಚು ಅನ್ನುತ್ತಾಳೆ. ಇನ್ನೊಬ್ಬಳು ಲೇಸರ್ ಮಾಡಿಸಿಬಿಡು, ತಲೆನೋವೇ ಇರಲ್ಲ ಅಂತಾಳೆ. ರೇಜರ್ ಹಿಡಿದರೆ ಕೂದಲು ದಪ್ಪ ಬರುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಇನ್ನು ಎರಡು ತಿಂಗಳಿಗೆ ಅದೇ ತಂಗಿಯ ಮದುವೆ. ಇದು ವ್ಯಾಕ್ಸಿನ ತಪ್ಪಾ, ನನ್ನ ಚರ್ಮದ ತಪ್ಪಾ? ಯಾವುದರಲ್ಲಿ ತೊಂದರೆ ಕಡಿಮೆ?

ಬಾಚಣಿಗೆ_ಅಕ್ಕ:

ಮೈಸೂರಿನಲ್ಲಿ 14 ವರ್ಷದಿಂದ ಸಣ್ಣ ಪಾರ್ಲರ್ ನಡೆಸುತ್ತಿದ್ದೇನೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಡಾಕ್ಟರ್ ಅಲ್ಲ.

ನೋಡಮ್ಮ, ನಿನ್ನದು ಎರಡು ಬೇರೆ ಬೇರೆ ತೊಂದರೆ. ಕಂಕುಳದು ಮೊದಲು ಹೇಳುತ್ತೇನೆ. ವ್ಯಾಕ್ಸ್ ಅಂದರೆ ಕೂದಲನ್ನು ಬುಡಸಮೇತ ಕೀಳುವುದು. ಕಿತ್ತ ಜಾಗದಲ್ಲಿ ಸಣ್ಣ ಸಣ್ಣ ಬಾಯಿ ತೆರೆದಿರುತ್ತದೆ. ಅದರೊಳಗೆ ಬೆವರು, ಡಿಯೋ, ಬ್ಲೌಸಿನ ಉಜ್ಜಾಟ ಎಲ್ಲ ಒಟ್ಟಿಗೆ ಹೋದರೆ ಗುಳ್ಳೆ ಬರದೆ ಇನ್ನೇನು ಬರುತ್ತದೆ? ನನ್ನ ಹತ್ತಿರ ಬರುವವರಿಗೆ ಬಾಗಿಲಲ್ಲೇ ಹೇಳಿ ಕಳಿಸುತ್ತೇನೆ: ಒಂದು ದಿನ ಡಿಯೋ ಬೇಡ, ಬಿಸಿ ಬಿಸಿ ನೀರು ಬೇಡ, ಜಿಮ್ ಬೇಡ, ಸಡಿಲ ಹತ್ತಿ ಬಟ್ಟೆ ಹಾಕಿಕೊಳ್ಳಿ. ನಿನಗೆ ಯಾರೂ ಹೇಳಲಿಲ್ಲ. ಸಮಾರಂಭದ ಹಿಂದಿನ ಸಂಜೆ, ಅದೂ ಮೊದಲ ಸಲದ ಕಂಕುಳು! ನಾನಾಗಿದ್ದರೆ ವಾಪಸ್ ಕಳಿಸುತ್ತಿದ್ದೆ.

ಈಗ ಬೆಚ್ಚಗಿನ ನೀರಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಇಟ್ಟುಕೋ. ಹಿಂಡಬೇಡ, ಉಗುರು ಹಾಕಬೇಡ. ಹಿಂಡಿದ ಗುಳ್ಳೆಗಳೇ ಆಮೇಲೆ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುವುದು. ನಮ್ಮ ಬಣ್ಣದ ಚರ್ಮದ ಹಣೆಬರಹವೇ ಅದು, ಸಣ್ಣ ಗಾಯಕ್ಕೂ ಕಪ್ಪಾಗುತ್ತದೆ.

ಇನ್ನೊಂದು ಅನುಮಾನ. ಆ ಹುಡುಗಿ ವ್ಯಾಕ್ಸ್ ಹಚ್ಚುವ ಚಾಕುವನ್ನು ನಿನ್ನ ಮೈಗೆ ಸವರಿ ಮತ್ತೆ ಅದೇ ಡಬ್ಬಿಗೆ ಅದ್ದುತ್ತಿದ್ದಳಾ? ಬಹಳ ಕಡೆ ಹಾಗೇ ಮಾಡುತ್ತಾರೆ. ಒಬ್ಬರ ಕಂಕುಳಿನ ಸೋಂಕು ಇನ್ನೊಬ್ಬರಿಗೆ ಹೋಗಲು ಅಷ್ಟು ಸಾಕು. ಇನ್ನೂ ಒಂದು, ಕಂಕುಳಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ. ಎರಡು ಮೂರು ತುಂಡು ಮಾಡಿ, ಚರ್ಮವನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಎಳೆಯಬೇಕು. ಒಂದೇ ಪಟ್ಟಿಯಲ್ಲಿ ಎಲ್ಲ ಬರಲಿ ಅಂತ ಎಳೆದರೆ ಅರ್ಧ ಕೂದಲು ಮಧ್ಯದಲ್ಲಿ ತುಂಡಾಗುತ್ತದೆ, ಆಮೇಲೆ ಅದು ಚರ್ಮದ ಒಳಗೇ ಸುತ್ತಿಕೊಂಡು ಬೆಳೆಯುತ್ತದೆ. ಕೂದಲು ಅಕ್ಕಿಕಾಳಿನಷ್ಟು ಉದ್ದ ಇರಬೇಕು. ಅದಕ್ಕಿಂತ ಗಿಡ್ಡ ಇದ್ದರೆ ಹಿಡಿತ ಸಿಗದೆ ಒಂದೇ ಜಾಗಕ್ಕೆ ಮೂರು ಸಲ ಹಚ್ಚುತ್ತಾರೆ, ಉದ್ದ ಇದ್ದರೆ ಪ್ರಾಣ ಹೋಗುತ್ತದೆ.

ತುಟಿ ಮೇಲಿನದು ಇದಲ್ಲ. ಚರ್ಮ ಎದ್ದು ಬರಬೇಕಾದರೆ ಒಂದೋ ವ್ಯಾಕ್ಸ್ ಸುಡುವಷ್ಟು ಬಿಸಿ ಇರಬೇಕು, ಇಲ್ಲಾ ಚರ್ಮವೇ ಮೊದಲು ತೆಳ್ಳಗಾಗಿರಬೇಕು. ಹಚ್ಚುವಾಗ ಸುಟ್ಟಿತಾ? ನಾನು ಪ್ರತಿ ಸಲ ನನ್ನ ಮಣಿಕಟ್ಟಿನ ಒಳಗಡೆ ಒಂದು ಬೊಟ್ಟು ಇಟ್ಟು ನೋಡಿಯೇ ಬೇರೆಯವರಿಗೆ ಹಚ್ಚುವುದು. ಸುಡಲಿಲ್ಲ ಅಂದರೆ ಒಂದು ಪ್ರಶ್ನೆ: ಮೊಡವೆಗೆ ರಾತ್ರಿ ಏನಾದರೂ ಹಚ್ಚುತ್ತೀಯಾ?

ಹಳೇಬೇರು:

ದೇವರು ಕೊಟ್ಟ ಕೂದಲನ್ನು ಯಾಕೆ ತೆಗೆಯಬೇಕು ಅಂತ. ಬಿಟ್ಟರೆ ಯಾವ ಸೈಡ್ ಎಫೆಕ್ಟೂ ಇಲ್ಲ.

ಬಾಚಣಿಗೆ_ಅಕ್ಕ:

ಸ್ವಾಮಿ, ನೀವು ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಬಂದು ಇದನ್ನು ಬರೆದಿಲ್ಲ ತಾನೆ?

ಬೆಣ್ಣೆದೋಸೆ_ಹುಡುಗಿ:

ಅಕ್ಕ, ವ್ಯಾಕ್ಸ್ ಸುಡಲಿಲ್ಲ. ಬೆಚ್ಚಗಿತ್ತು ಅಷ್ಟೇ.

ಮೊಡವೆಗೆ ಹಚ್ಚುತ್ತೇನೆ ಹೌದು. ಆರು ವಾರ ಆಯಿತು. ಈಗಷ್ಟೇ ಟ್ಯೂಬ್ ತಂದು ನೋಡಿದೆ, ಟ್ರೆಟಿನೋಯಿನ್ 0.025 ಅಂತ ಇದೆ. ಚರ್ಮದ ಡಾಕ್ಟರೇ ಬರೆದುಕೊಟ್ಟಿದ್ದು. ಕೆನ್ನೆಗೆ, ಗದ್ದಕ್ಕೆ ಹಚ್ಚಿ ಬೆರಳಲ್ಲಿ ಉಳಿದಿದ್ದನ್ನು ಮೂಗಿನ ಕೆಳಗೂ ಸವರಿಬಿಡುತ್ತಿದ್ದೆ, ಸುಮ್ನೆ ವೇಸ್ಟ್ ಯಾಕೆ ಅಂತ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?? ಪಾರ್ಲರಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೈಟ್‌ಡ್ಯೂಟಿ:

ಸಂಬಂಧ ಇದೆ ತಂಗಿ. ಅದೇ ಪೂರ್ತಿ ಕಾರಣ ಅಂತ ನೋಡದೆ ಹೇಳಲಾರೆ, ಆದರೆ ನನಗೆ ಗುಮಾನಿ ಅದರ ಮೇಲೇ. (ನಾನು ನರ್ಸ್. ಕೆಲವು ವರ್ಷ ಚರ್ಮದ ಒಪಿಡಿಯಲ್ಲಿದ್ದೆ, ಈಗ ಸರ್ಜರಿ ವಾರ್ಡ್.)

ಟ್ರೆಟಿನೋಯಿನ್, ಅಡಾಪಲೀನ್ ಇಂಥವು ಚರ್ಮದ ಮೇಲಿನ ಸತ್ತ ಪದರವನ್ನು ಬೇಗ ಬೇಗ ಉದುರಿಸುತ್ತವೆ. ಮೊಡವೆ ಕಡಿಮೆ ಆಗುವುದೂ ಹಾಗೇ. ಆ ಪದರ ತೆಳ್ಳಗಾಗಿ, ಸಡಿಲವಾಗಿ ಕೂತಿರುವಾಗ ಮೇಲೆ ಅಂಟು ಹಚ್ಚಿ ಎಳೆದರೆ ಕೂದಲಿನ ಜೊತೆ ಚರ್ಮವೂ ಬರುತ್ತದೆ. ಹಚ್ಚುವ ಕ್ರೀಮಾದರೆ ವ್ಯಾಕ್ಸಿಗೆ ಕನಿಷ್ಠ ಒಂದು ವಾರ ಮುಂಚೆ ನಿಲ್ಲಿಸಬೇಕು. ನುಂಗುವ ಐಸೊಟ್ರೆಟಿನೋಯಿನ್ ಮಾತ್ರೆ ತಗೊಳ್ಳುವವರು ಮಾತ್ರೆ ಮುಗಿದ ಮೇಲೂ 6 ತಿಂಗಳು ವ್ಯಾಕ್ಸ್ ಕಡೆ ತಲೆ ಹಾಕಬಾರದು. ಇದನ್ನು ಓದುವ ಬೇರೆ ಯಾರಾದರೂ ಆ ಮಾತ್ರೆಯಲ್ಲಿದ್ದರೆ ನೆನಪಿಟ್ಟುಕೊಳ್ಳಿ, ಕಲೆ ಶಾಶ್ವತ ಉಳಿದವರನ್ನು ಕಂಡಿದ್ದೇನೆ.

ಈಗ ಮಾಡುವುದು ಇಷ್ಟೇ. ಆ ಟ್ಯೂಬನ್ನು ಗಾಯದ ಹತ್ತಿರಕ್ಕೂ ತರಬೇಡ. ತೆಳ್ಳಗೆ ವ್ಯಾಸಲೀನ್ ಹಚ್ಚಿ ಬಿಡು. ಹಕ್ಕಳೆ ತಾನಾಗಿ ಉದುರಲಿ, ಕೀಳಬೇಡ. ಅರಿಶಿನ, ನಿಂಬೆ, ಟೂತ್‌ಪೇಸ್ಟ್ ಏನೂ ಬೇಡ. ಅಮ್ಮನಿಗೆ ಬೇಜಾರಾಗಬಾರದು, ಆದರೆ ಕಡಲೆಹಿಟ್ಟಿನಲ್ಲಿ ಉಜ್ಜುವುದು ಈಗಂತೂ ಬೇಡವೇ ಬೇಡ, ಹಸಿ ಗಾಯದ ಮೇಲೆ ಮರಳು ಕಾಗದ ಆಡಿಸಿದ ಹಾಗೆ. ಹೊಸ ಚರ್ಮ ಬಂದ ಮೇಲೆ ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚು, ಬಿಸಿಲು ಬಿದ್ದಷ್ಟೂ ಕಲೆ ಕಪ್ಪಾಗುತ್ತದೆ.

ಒಂದು ಮುಖ್ಯ ಮಾತು. ಕಲೆ ಬೇಗ ಹೋಗಲಿ ಅಂತ ಮೆಡಿಕಲ್ ಶಾಪಿನಲ್ಲಿ "ಏನಾದರೂ ಕೊಡಿ" ಅಂತ ಕೇಳಬೇಡ. ಅವರು ಕೊಡುವ ಬೆಳ್ಳಗಾಗುವ ಕ್ರೀಮಿನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಆದೇಶ ಮಾಡಿದೆ. ಆದರೂ ಕೈಗೆ ಸಿಗುತ್ತದೆ. ಮೊದಲೆರಡು ವಾರ ಮುಖ ಫಳಫಳ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪು ನರ ಕಂಡು, ಮೊಡವೆ ಹೆಚ್ಚಾಗಿ, ತಮಾಷೆ ಅಂದರೆ ಮುಖದ ಮೇಲೆ ಕೂದಲೂ ಜಾಸ್ತಿ ಬೆಳೆಯುತ್ತದೆ.

ಕೂದಲು ತೆಗೆಯುವ ಕ್ರೀಮಿನ ವಿಷಯ. ಅದರಲ್ಲಿರುವುದು ಥಯೋಗ್ಲೈಕೊಲೇಟ್ ಅನ್ನುವ ರಾಸಾಯನಿಕ. ಕೂದಲಿನ ಕೆರಟಿನ್ (ಕೂದಲು ಆಗಿರುವ ಪ್ರೋಟೀನ್) ಕರಗಿಸುತ್ತದೆ. ನಮ್ಮ ಚರ್ಮವೂ ಅದೇ ಜಾತಿಯ ಕೆರಟಿನ್ನೇ ಅಲ್ವಾ? ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) 5ರ ಆಸುಪಾಸು, ಈ ಕ್ರೀಮಿನದು 12ರ ಹತ್ತಿರ. ಡಬ್ಬಿ ಮೇಲೆ 5 ನಿಮಿಷ ಅಂತ ಇದ್ದರೆ 5 ನಿಮಿಷವೇ. ಮುಂಗೈ ಒಳಗೆ ಕಾಸಿನಷ್ಟು ಹಚ್ಚಿ ಒಂದು ದಿನ ಕಾದು ನೋಡಬೇಕು. ಟ್ರೆಟಿನೋಯಿನ್ ಹಚ್ಚುವ ಮುಖಕ್ಕೆ ಇದೂ ಬೇಡ.

ರೇಜರಿಂದ ಕೂದಲು ದಪ್ಪ ಬರುವುದಿಲ್ಲ. 1928ರಲ್ಲೇ ಗಂಡಸರ ಗಡ್ಡ ಅಳೆದು ನೋಡಿ ಹಾಗೇನೂ ಆಗಲ್ಲ ಅಂತ ತೋರಿಸಿದ್ದಾರೆ. ಕೂದಲಿನ ತುದಿ ಚೂಪು, ಮಧ್ಯದಲ್ಲಿ ಕತ್ತರಿಸಿದರೆ ಮೊಂಡು. ಮೊಂಡು ತುದಿ ಕೈಗೆ ಚುಚ್ಚುತ್ತದೆ, ದಪ್ಪ ಅನ್ನಿಸುತ್ತದೆ. ಆದರೆ ಬ್ಲೇಡ್ ಪಾಪದ್ದು ಅಂತಲೂ ಅಲ್ಲ, ಕಣ್ಣಿಗೆ ಕಾಣದ ಗೀರು ಬೀಳುತ್ತವೆ. ಮುಂಚೆ ಆಪರೇಷನ್ನಿಗೆ ಹಿಂದಿನ ರಾತ್ರಿ ರೋಗಿಗೆ ಬ್ಲೇಡಿನಲ್ಲಿ ಬೋಳಿಸುವುದು ನಮ್ಮ ಕೆಲಸವಾಗಿತ್ತು. ಆ ಗೀರುಗಳಿಂದಲೇ ಸೋಂಕು ಜಾಸ್ತಿ ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಬ್ಲೇಡ್ ಬೇಡವೇ ಬೇಡ, ತೀರಾ ಅಗತ್ಯವಿದ್ದರೆ ಕ್ಲಿಪ್ಪರ್ ಅಂತ ಹೇಳಿತು. ಕಂಕುಳಿಗೆ, ಕೆಳಗಿನ ಜಾಗಕ್ಕೆ ಸುಮ್ನೆ ಟ್ರಿಮ್ಮರ್ ಸಾಕು ಅಂತ ನಾನು ಹೇಳುವುದು ಅದಕ್ಕೇ.

ಗುಳ್ಳೆ ಹೋಗಿ ಕುರು ಆದರೆ, ಕೆಂಪು ಹರಡುತ್ತಾ ಹೋದರೆ, ಜ್ವರ ಬಂದರೆ, ಕೈ ಎತ್ತಲು ಆಗದಷ್ಟು ನೋವಾದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗು. ಶುಗರ್ ಇರುವವರು ಅಷ್ಟಕ್ಕೂ ಕಾಯಬಾರದು.

ಕುರುಚಲು_ಗಡ್ಡ:

ಹೆಂಗಸರ ಮಾತಿನ ಮಧ್ಯೆ ಬಂದೆ, ಕ್ಷಮಿಸಿ. ಆದರೆ ಈ ಒಳಗೆ ಸುತ್ತಿಕೊಳ್ಳುವ ಕೂದಲಿನ ಕಷ್ಟ ಗಂಡಸರಿಗೆ ಇನ್ನೂ ಚೆನ್ನಾಗಿ ಗೊತ್ತು. ನನ್ನದು ಗುಂಗುರು ಗಡ್ಡ. ನುಣ್ಣಗೆ ಬೋಳಿಸಿದ ಎರಡು ದಿನಕ್ಕೆ ಕತ್ತಿನ ತುಂಬಾ ಗಂಟು ಗಂಟು. ಒಂದು ಸಲ ಭೂತಕನ್ನಡಿ ಹಿಡಿದು ನೋಡಿದೆ. ಚರ್ಮದ ಕೆಳಗೆ ಕಪ್ಪು ದಾರ ಉಂಗುರದ ಹಾಗೆ ಮಡಚಿಕೊಂಡಿತ್ತು, ತುದಿ ಮತ್ತೆ ಒಳಗೇ ಚುಚ್ಚಿಕೊಂಡಿತ್ತು. ಸೂಜಿಯಿಂದ ಎಬ್ಬಿಸಿದರೆ ಮುಕ್ಕಾಲು ಇಂಚು ಕೂದಲು ಬಂತು! (ಸೂಜಿ ಹಾಕಬೇಡಿ, ನನಗೆ ಅಲ್ಲಿ ಇನ್ನೂ ಕಲೆ ಇದೆ.) ಡಾಕ್ಟರ್ ಹೇಳಿದ ಮದ್ದು ಪುಕ್ಕಟೆ: ನುಣ್ಣಗೆ ಮಾಡುವ ಆಸೆ ಬಿಡು. ಈಗ ಟ್ರಿಮ್ಮರಿನಲ್ಲಿ ಒಂದು ಮಿಲಿಮೀಟರ್ ಬಿಡುತ್ತೇನೆ, ಗಂಟು ನಿಂತಿದೆ. ಬೋಳಿಸಲೇಬೇಕಾದರೆ ಸ್ನಾನ ಆದ ಮೇಲೆ, ಕೂದಲು ಬೆಳೆದ ದಿಕ್ಕಿಗೆ, ಒಂದೇ ಸಲ.

ಕ್ಷೌರದ ಅಂಗಡಿಯಲ್ಲಿ ಬ್ಲೇಡನ್ನು ಕಣ್ಣ ಮುಂದೆ ಕಾಗದ ಬಿಚ್ಚಿ ಅರ್ಧಕ್ಕೆ ಮುರಿದು ಹಾಕುತ್ತಾರಾ ನೋಡಿಕೊಳ್ಳಿ. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ಕ್ರೀಮಿನ ಬಗ್ಗೆ ಮೇಡಂ ಹೇಳಿದ್ದಕ್ಕೆ ಸಾಕ್ಷಿ ನಾನೇ. ಗೋಕರ್ಣಕ್ಕೆ ಹೋಗುವ ಮುಂಚೆ ಎದೆಗೆ ಹಚ್ಚಿಕೊಂಡು, ಫೋನ್ ಬಂತು, ಮಾತಾಡುತ್ತಾ ಕೂತೆ. 5 ನಿಮಿಷದ್ದು 20 ಆಗಿತ್ತು. ಕೊಳೆತ ಮೊಟ್ಟೆಯ ವಾಸನೆ ಒಂದು ಕಡೆ, ಉರಿ ಇನ್ನೊಂದು ಕಡೆ. ಮಾರನೇ ದಿನ ಸಮುದ್ರದ ಉಪ್ಪುನೀರಿಗೆ ಇಳಿದೆ. ಮುಂದಿನದು ಹೇಳುವ ಹಾಗಿಲ್ಲ.

ಕೆಂಪುಮಣ್ಣು:

ಲೇಸರ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನನಗೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು) ಇದೆ, ಗದ್ದದಲ್ಲಿ ದಪ್ಪ ಕೂದಲು. ಬೆಂಗಳೂರಿನ ಒಂದು ಕಡೆ ಆರು ಸಲದ ಪ್ಯಾಕೇಜ್ ಅಂತ ದುಡ್ಡು ಕಟ್ಟಿದೆ. ಯಾವ ಮಷೀನು, ಯಾರು ಮಾಡುತ್ತಾರೆ, ನನ್ನ ಬಣ್ಣಕ್ಕೆ ಎಷ್ಟು ಪವರ್ ಇಡುತ್ತಾರೆ, ಒಂದನ್ನೂ ಕೇಳಲಿಲ್ಲ. ಎರಡನೇ ಸಲ ಹೋಗುವ ಮುಂಚೆ ಊರಲ್ಲಿ ಅಡಿಕೆ ಕೊಯ್ಲು, ಒಂದು ವಾರ ಬಿಸಿಲಲ್ಲಿದ್ದೆ. ಅವರೂ ಕೇಳಲಿಲ್ಲ. ಲೇಸರ್ ಹುಡುಕುವುದು ಕಪ್ಪು ಬಣ್ಣವನ್ನು. ಕೂದಲಿನ ಬುಡದ ಕಪ್ಪನ್ನು ಸುಡಬೇಕಾದದ್ದು ಬಿಸಿಲಿಗೆ ಕಪ್ಪಾದ ಚರ್ಮವನ್ನೂ ಸುಡುತ್ತದೆ. ಗದ್ದದ ಮೇಲೆ ಸಾಲಾಗಿ ಕಡಲೆಬೇಳೆ ಅಂಟಿಸಿದ ಹಾಗೆ ಕಂದು ಗುರುತು ಬಿತ್ತು. ಹೋಗಲು ಏಳು ತಿಂಗಳು ಹಿಡಿಯಿತು.

ಅದಕ್ಕಿಂತ ಬೇಜಾರಾಗಿದ್ದು ಇನ್ನೊಂದು. ನಾಲ್ಕನೇ ಸಲದ ಹೊತ್ತಿಗೆ ಗದ್ದ ಖಾಲಿ ಆಯಿತು, ಆದರೆ ದವಡೆಯ ಅಂಚಿನಲ್ಲಿ, ಮುಂಚೆ ನಯವಾದ ರೋಮ ಮಾತ್ರ ಇದ್ದ ಕಡೆ, ಹೊಸದಾಗಿ ಕಪ್ಪು ಕೂದಲು ಬಂತು. ನನ್ನ ಭ್ರಮೆ ಅಂದುಕೊಂಡಿದ್ದೆ. ಆಮೇಲೆ ಹೋದ ಚರ್ಮದ ಡಾಕ್ಟರ್ ಹೇಳಿದರು, ಇದು ಗೊತ್ತಿರುವ ಅಡ್ಡಪರಿಣಾಮ, ಮುಖ, ಕತ್ತಿನಲ್ಲಿ, ಕಂದು ಚರ್ಮದವರಲ್ಲಿ, ಹಾರ್ಮೋನ್ ಏರುಪೇರು ಇರುವವರಲ್ಲಿ ಹೆಚ್ಚು ಅಂತ. ಅವರು ಮೊದಲು ರಕ್ತ ಪರೀಕ್ಷೆ ಮಾಡಿಸಿ, ಹಾರ್ಮೋನಿಗೆ ಔಷಧಿ ಶುರು ಮಾಡಿ, ಆಮೇಲೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಬಳಸಿದರು. ಅದರ ಕಿರಣ ಆಳಕ್ಕೆ ಇಳಿಯುತ್ತದೆ, ಮೇಲಿನ ಚರ್ಮದ ಬಣ್ಣ ಅದನ್ನು ಕಡಿಮೆ ಹೀರುತ್ತದೆ, ಹಾಗಾಗಿ ನಮ್ಮಂಥವರಿಗೆ ಸುರಕ್ಷಿತ. ನೋವು ಜಾಸ್ತಿ. ಈಗಲೂ ವರ್ಷಕ್ಕೆ ಎರಡು ಸಲ ಹೋಗುತ್ತೇನೆ. "ಶಾಶ್ವತ" ಅನ್ನುವ ಜಾಹೀರಾತು ನಂಬಬೇಡಿ, ಕೂದಲು ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೆಳ್ಳಗಾದ ಕೂದಲಿಗೆ ಲೇಸರ್ ಕೆಲಸವೇ ಮಾಡಲ್ಲ.

ಆದ ಕೂಡಲೇ ಒಂದೊಂದು ಕೂದಲಿನ ಸುತ್ತ ಕೆಂಪಗೆ ಊದಿಕೊಂಡರೆ ಹೆದರಬೇಡಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಬೊಬ್ಬೆ ಎದ್ದರೆ ಹೆದರಿ. ಲೇಸರಿನ ನೋವು ಗೊತ್ತಾಗದಿರಲಿ ಅಂತ ಮರಗಟ್ಟಿಸುವ ಕ್ರೀಮನ್ನು ಮನೆಯಲ್ಲೇ ಎರಡೂ ಕಾಲಿಗೆ ಮೆತ್ತಿ ಪ್ಲಾಸ್ಟಿಕ್ ಸುತ್ತಿಕೊಂಡು ಹೋಗುವವರಿದ್ದಾರೆ. ದಯವಿಟ್ಟು ಬೇಡ. ಅಮೆರಿಕದಲ್ಲಿ ಹಾಗೆ ಮಾಡಿದ ಇಬ್ಬರು ಯುವತಿಯರು ಲೇಸರಿಗೆ ಹೋಗುವ ಮುಂಚೆಯೇ ಫಿಟ್ಸ್ ಬಂದು ಕೋಮಾಕ್ಕೆ ಹೋಗಿ ತೀರಿಕೊಂಡರು. ಅಲ್ಲಿನ ಔಷಧ ಇಲಾಖೆ 2007ರಲ್ಲಿ ಎಚ್ಚರಿಕೆ ಕೊಟ್ಟಿತು. ಚರ್ಮದ ಮೂಲಕ ಔಷಧಿ ರಕ್ತಕ್ಕೆ ಸೇರುತ್ತದೆ, ಪ್ಲಾಸ್ಟಿಕ್ ಸುತ್ತಿದರೆ ಇನ್ನೂ ಜಾಸ್ತಿ.

ಬೆಣ್ಣೆದೋಸೆ, ನಿನಗೆ ಎರಡು ತಿಂಗಳಲ್ಲಿ ಲೇಸರ್ ಮುಗಿಯುವ ಮಾತಲ್ಲ. ನಾಲ್ಕರಿಂದ ಆರು ವಾರಕ್ಕೆ ಒಂದು ಸಲ, ಒಟ್ಟು ಆರೆಂಟು ಸಲ ಬೇಕು. ಮದುವೆ ಮುಗಿಸಿಕೊಂಡು ಯೋಚಿಸು. ಇನ್ನೊಂದು, ಮುಟ್ಟು ಸರಿಯಾಗಿ ಆಗುತ್ತಿದೆಯಾ? ಮೊಡವೆ, ಮೇಲ್ತುಟಿಯ ದಪ್ಪ ಕೂದಲು, ಮುಟ್ಟು ತಪ್ಪುವುದು ಮೂರೂ ಒಟ್ಟಿಗೆ ಇದ್ದರೆ ಒಮ್ಮೆ ತೋರಿಸು.

ಬಾಚಣಿಗೆ_ಅಕ್ಕ:

ದಾರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಿನ್ನ ಕ್ರೀಮಿನ ಮುಖಕ್ಕೆ ವ್ಯಾಕ್ಸಿಗಿಂತ ದಾರ ವಾಸಿ, ಅದು ಚರ್ಮಕ್ಕೆ ಅಂಟುವುದಿಲ್ಲ. ಆದರೆ ದಾರ ಬಾಯಲ್ಲಿ ಕಚ್ಚಿಕೊಂಡು ಮಾಡುವವರಿದ್ದಾರೆ, ಕತ್ತಿಗೆ ಕಟ್ಟಿಕೊಂಡು ಮಾಡಿ ಅಂತ ಹೇಳು. ಮುಖದ ಮೇಲೆ ಸಣ್ಣ ನರಹುಲಿ ಇದ್ದರೆ ದಾರವೂ ಬೇಡ. ನನ್ನ ಹತ್ತಿರ ಬಂದ ಒಬ್ಬರಿಗೆ ಹುಬ್ಬಿನ ಕೆಳಗೆ ಒಂದೇ ಒಂದು ಇತ್ತು. ಬೇಡ ಅಂದೆ. ಬೇರೆ ಕಡೆ ಮಾಡಿಸಿಕೊಂಡರು. ತಿಂಗಳು ಬಿಟ್ಟು ಬಂದಾಗ ದಾರ ಎಳೆದ ಗೆರೆಯ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಹತ್ತು ಹನ್ನೆರಡು.

ಬೆಣ್ಣೆದೋಸೆ_ಹುಡುಗಿ:

ಹದಿನೈದು ದಿನ ಆಯಿತು, ಬಂದು ಹೇಳದಿದ್ದರೆ ತಪ್ಪಾಗುತ್ತದೆ. ಹಕ್ಕಳೆ ಎಂಟನೇ ದಿನಕ್ಕೆ ಮುಖ ತೊಳೆಯುವಾಗ ತಾನಾಗಿ ಬಿತ್ತು. ಕೆಳಗೆ ತಿಳಿ ಕಂದು ಕಲೆ ಇದೆ, ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನೆ. ಕಂಕುಳ ಗುಳ್ಳೆ ಬಿಸಿ ಬಟ್ಟೆಗೇ ಇಳಿದವು, ಎರಡು ಮಾತ್ರ ಹಿಂಡಿಬಿಟ್ಟೆ, ಅವೆರಡೇ ಕಪ್ಪಾಗಿವೆ ಅಕ್ಕ, ನೀವು ಹೇಳಿದ ಹಾಗೇ. ಡಾಕ್ಟರಿಗೂ ತೋರಿಸಿದೆ. "ವ್ಯಾಕ್ಸ್ ಮಾಡಿಸುತ್ತೀರಾ ಅಂತ ಆವತ್ತು ನಾನು ಕೇಳಬೇಕಿತ್ತು" ಅಂದರು, ಖುಷಿ ಆಯಿತು. ಮುಟ್ಟು ಸರಿಯಾಗೇ ಇದೆ, ಕೆಂಪುಮಣ್ಣು ಅಕ್ಕ.

ತಮ್ಮನ ಟ್ರಿಮ್ಮರ್ ಕೇಳಿದೆ, ಕೊಡಲ್ಲ ಅಂದ. ಹೊಸದು ತಗೊಂಡೆ. ಮದುವೆಗೆ ತುಟಿ ಮೇಲೆ ದಾರ, ಕೈಗೆ ಮಾತ್ರ ವ್ಯಾಕ್ಸ್.

ಬಾಚಣಿಗೆ_ಅಕ್ಕ:

ಮದುವೆ ಹಿಂದಿನ ಸಂಜೆ ಅಲ್ಲ ತಾನೆ?

ಬೆಣ್ಣೆದೋಸೆ_ಹುಡುಗಿ:

ಮದುವೆ ಭಾನುವಾರ. ಬುಧವಾರಕ್ಕೆ ಹೇಳಿಟ್ಟಿದ್ದೇನೆ ಅಕ್ಕ. ಚಾಕು ಎರಡನೇ ಸಲ ಡಬ್ಬಿಗೆ ಅದ್ದಬಾರದು ಅಂತ ಈಗಲೇ ಹೇಳಿದ್ದೇನೆ, ಆ ಹುಡುಗಿ ಮುಖ ಊದಿಸಿಕೊಂಡಿದ್ದಾಳೆ.